ಹೆಸ್ರು ಅದೇ, ಘಮ ಎಲ್ಲೋಯ್ತು?

ನಿನ್ನೆ ಸಂಜೆ ಹೂವು ತರೋಕೆ ದೇವರಾಜ ಮಾರ್ಕೆಟ್‌ಗೆ ಹೋಗಿದ್ದೆ. ನಮ್ಮ ಅತ್ತರಿನ ಭಾಯ್ ದೂರದಿಂದ್ಲೇ ಕರೆದ್ರು, "ಅಕ್ಕಾ, ನಿಮ್ಗೆ ಅಂತ್ಲೇ ಒಂದು ಎತ್ತಿಟ್ಟಿದೀನಿ, ನಿಮ್ಮ ಗಂಧದೋರು ಹೊಸ್ದು ಬಿಟ್ಟವ್ರೆ." ನಂಗಾದ ಖುಷಿ ಅಷ್ಟಿಷ್ಟಲ್ಲ. ಮೊದಲ ಸಂಬಳದಿಂದ ಇವತ್ತಿನವರೆಗೂ ನಾನು ಹಚ್ಕೊಂಡಿದ್ದು ಒಂದೇ ಗಂಧದ ಅತ್ತರು ಅಂತ ನಿಮ್ಗೆಲ್ಲ ಗೊತ್ತಲ್ಲ. ಅದನ್ನ ಮಾಡೋರೇ ಮಾಡಿದ ಸ್ಪ್ರೇ ಇದು, ಡಬ್ಬಿ ಮೇಲೆ ಅದೇ ಹೆಸ್ರು, ಅದರ ಕೆಳಗೆ ಸಣ್ಣಕ್ಷರದಲ್ಲಿ 'ಫ್ರೆಶ್'. ಯಾರು ಅಂತ ಇಲ್ಲಿ ಬರೆಯಲ್ಲ.

ಮಣಿಕಟ್ಟಿಗೆ ಹೊಡ್ಕೊಂಡೆ. ಮೊದಲು ನಿಂಬೆಹಣ್ಣು, ಆಮೇಲೆ ಬಟ್ಟೆ ಒಗೆಯೋ ಲಿಕ್ವಿಡ್ ಥರ ಒಂದು ಸಿಹಿ, ಕುವೆಂಪುನಗರದ ಬಸ್ ಹತ್ತಿ ಮನೆ ಸೇರೋ ಹೊತ್ತಿಗೆ ಏನೂ ಇಲ್ಲ. ಮೂಗು ಒತ್ತಿ ಒತ್ತಿ ನೋಡ್ದೆ, ಬರೀ ಬೆವರು. ಇದಕ್ಕಾ ಆ ಹೆಸ್ರು?

ಹಳೇದನ್ನ ಹಚ್ಚಿದ ತಕ್ಷಣ ಏನೂ ಅನ್ಸಲ್ಲ, ಹಸಿ ಮರ ಸೀಳಿದ ಹಾಗೆ ಒಂಚೂರು ಒಗರು ಅಷ್ಟೇ. ಅರ್ಧ ಗಂಟೆ ಬಿಟ್ಟು ಮೈ ಬಿಸಿಗೆ ನಿಧಾನಕ್ಕೆ ಏಳುತ್ತೆ, ಸಾಣೆಕಲ್ಲಿನ ಮೇಲೆ ಗಂಧ ತೇಯ್ದಾಗ ಬರುತ್ತಲ್ಲ, ಆ ತಂಪು, ಅದರ ಹಿಂದೆ ಕೆನೆ ಥರ ಮೆತ್ತಗೆ ಒಂದು ಘಮ. ರೇಷ್ಮೆ ಸೀರೆ ಸೆರಗಿನ ಮೂಲೆಗೆ ತಾಗಿಸಿ ಬೀರುವಿನಲ್ಲಿಟ್ರೆ ಮುಂದಿನ ಹಬ್ಬಕ್ಕೆ ತೆಗೆದಾಗ್ಲೂ ಇರುತ್ತೆ. ಯಾಕಂದ್ರೆ ಗಂಧದೆಣ್ಣೆಲಿರೋ, ಘಮ ಕೊಡೋ ಸ್ಯಾಂಟಲಾಲ್ ಅನ್ನೋ ಅಂಶ ಬೇಗ ಆವಿ ಆಗಲ್ಲ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಗುಲಾಬಿ, ಮಲ್ಲಿಗೆ ಭಟ್ಟಿ ಇಳಿಸುವಾಗ ಆವಿ ಬಂದು ಸೇರೋ ಪಾತ್ರೆಲಿ ಗಂಧದೆಣ್ಣೆ ಇಡ್ತಿದ್ದಿದ್ದು ಅದಕ್ಕೇ, ಹೂವಿನ ಘಮನ ಅದು ಹಿಡಿದಿಟ್ಕೊಳ್ಳುತ್ತೆ. ನಿಂಬೆ ಜಾತಿದು ಹಗುರ, ಹಾರೋಗುತ್ತೆ, ತಳದಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಇರಬೇಕು. ಇದರ ತಳದಲ್ಲಿ ಏನೂ ಇಲ್ಲ.

ನನ್ನ ತಮ್ಮ ಹೇಳ್ತಾನೆ, "ಅಕ್ಕ, ಗಂಧದೆಣ್ಣೆ ಕೆಜಿಗೆ ಲಕ್ಷ ದಾಟಿದೆ, ಅವ್ರಾದ್ರೂ ಏನ್ ಮಾಡ್ತಾರೆ" ಅಂತ. ಗೊತ್ತಪ್ಪ ನಂಗೂ. ಮರದೊಳಗೆ ಚೇಗು, ಅಂದ್ರೆ ಎಣ್ಣೆ ಇರೋ ಗಟ್ಟಿ ತಿರುಳು, ಬಲಿಯೋಕೆ ದಶಕಗಳೇ ಬೇಕು, 1792ರಲ್ಲಿ ಟಿಪ್ಪು ಅದನ್ನ ರಾಜವೃಕ್ಷ ಅಂದ ಮೇಲೆ ಸರ್ಕಾರದ್ದೇ ಆಗಿತ್ತು, ತನ್ನ ಹೊಲದಲ್ಲಿ ಬೆಳೆದ ಮರ ರೈತನದ್ದೇ ಅಂತ ಕಾನೂನಾಗಿದ್ದು 2001ರಲ್ಲಿ, ಅಷ್ಟರಲ್ಲಿ ಕಳ್ಳರು ಕಾಡನ್ನೇ ಖಾಲಿ ಮಾಡಿದ್ರು. ಎಲ್ಲ ಸರಿ. ಲ್ಯಾಬ್‌ನಲ್ಲಿ ಮಾಡಿದ ಗಂಧ ಇದೆಯಲ್ಲ, ಸ್ಯಾಂಡಲೋರ್, ಜವನಾಲ್, ಅದನ್ನಾದ್ರೂ ಹಾಕಬಹುದಿತ್ತು, ಅದರ ಮೇಲೆ ನಂದೇನೂ ಜಗಳ ಇಲ್ಲ. ಪ್ಯಾರಿಸ್‌ನ ಗೆರ್ಲಾನ್ 1989ರಲ್ಲಿ ನಮ್ಮ ಮೈಸೂರು ಗಂಧನ ನಂಬ್ಕೊಂಡು 'ಸಂಸಾರ' ಅಂತ ಸೆಂಟ್ ಮಾಡ್ತು, ಇಲ್ಲೇ ಹುಟ್ಟಿದೋರು ಗಂಧದ ಹೆಸರಿಟ್ಟು ನಿಂಬೆಹಣ್ಣು ಮಾರ್ತಾರೆ ಅಂದ್ರೆ ಹೊಟ್ಟೆ ಉರಿಯಲ್ವಾ? ನಿಂಬೆಹಣ್ಣಿನ ಸ್ಪ್ರೇ ಮಾಡ್ಲಿ, ಬೇಡ ಅಂದೋರ್ಯಾರು, ಬೇರೆ ಹೆಸರಿಡ್ಲಿ. ಆ ಹೆಸ್ರನ್ನ ನಂಬಿ ನಾನು ವಾಸನೇನೂ ನೋಡ್ದೆ ಬಾಟ್ಲಿ ತಗೊಳ್ತಿದ್ದೆ ಕಣ್ರೀ, ಇಷ್ಟು ವರ್ಷ.

ಇನ್ನೊಂದು ಹೇಳ್ಬೇಕು. ಅಂಗಡಿಲಿ ನಿಂತಾಗ್ಲೇ ನಿಂಬೆ ಬಂದಿದ್ದಕ್ಕೆ ನಂಗೆ ಅಳು ಬಂದಂಗಾಗಿತ್ತು, ಆದ್ರೂ "ಚೆನ್ನಾಗಿದೆ ಭಾಯ್" ಅಂದು ದುಡ್ಡು ಕೊಟ್ಟು ಬಂದೆ. ಪಾಪ, ಬೇರೆ ಯಾರಿಗೂ ಕಾಣ್ದಂಗೆ ಹಿಂದಿನ ಶೆಲ್ಫಲ್ಲಿ ಪೇಪರ್ ಸುತ್ತಿ ಇಟ್ಟಿದ್ರು, ಹೇಗೆ ಬೇಡ ಅನ್ನೋದು. ನಾನು ದುಡ್ಡು ಕೊಟ್ಟ ಮೇಲೆ ಅವ್ರು ಮೆತ್ತಗೆ ಅಂದ್ರು, "ಹಳೇದು ಇನ್ಮೇಲೆ ಬರಲ್ವಂತೆ ಅಕ್ಕ, ಇದೇ ಇನ್ನು." ರಾತ್ರಿಯೆಲ್ಲ ಅದೇ ತಲೇಲಿ.

ನಾಳೆ ಮತ್ತೆ ಹೋಗ್ತೀನಿ, ಹಳೇದು ಎಷ್ಟು ಉಳಿದಿದ್ಯೋ ಅಷ್ಟೂ ತಗೋತೀನಿ, ಹೊಸದ್ರ ಬಗ್ಗೆ ನಿಜಾನೂ ಹೇಳ್ತೀನಿ. ನಿಮ್ಮ ಮನೇಲಿ ಯಾರ ಹತ್ರಾದ್ರೂ ಹಳೇ ಬಾಟ್ಲಿ ಇದ್ರೆ, ತಳದಲ್ಲಿ ನಾಲ್ಕು ಹನಿ ಇದ್ರೂ ಸರಿ, ನಂಗೊಂದು ಮೆಸೇಜ್ ಮಾಡಿ.