14416 ಸಹಾಯವಾಣಿ ಹೆಂಗಸ್ರಿಗೆ ಮಾತ್ರ ಅಲ್ಲ, ಆ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ
ಕೋಲಾರ, ಮಾಲೂರು ಕಡೆ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಏಟು ತಿಂದ ಗಂಡಸ್ರನ್ನ ಎಫ್‌ಐಆರ್ ಇಲ್ದೆ ಯಾವ ಆಸ್ಪತ್ರೆಲೂ ಮುಟ್ಟಲ್ಲ, 14416 ಬರೀ ಹೆಂಗಸ್ರಿಗೆ ಅಂತ. ಎರಡೂ ಸುಳ್ಳು. ಗಾಯ ಆದವ್ರಿಗೆ ಮೊದ್ಲು ಟ್ರೀಟ್‌ಮೆಂಟ್, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ಎಂಎಲ್‌ಸಿ (ಪೊಲೀಸ್ರಿಗೆ ತಿಳಿಸ್ಬೇಕಾದ ಗಾಯದ ದಾಖಲೆ) ಬರ್ಕೊಂಡು ಸ್ಟೇಷನ್‌ಗೆ ತಿಳ್ಸೋದು ಆಸ್ಪತ್ರೆಯವ್ರ ಕೆಲ್ಸ. 14416 ಅಂದ್ರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫೋನ್ ಯಾರು ಬೇಕಾದ್ರೂ ಮಾಡ್ಬೋದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಇರ್ತಾರೆ (ಹೆಂಗಸ್ರದ್ದು 181, ಎರಡನ್ನೂ ಕಲಸಿಬಿಟ್ಟಿದ್ದಾರೆ ಅನ್ಸತ್ತೆ). 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಗಂಡಸ್ರು ದೂರು ಕೊಡೋಕಾಗಲ್ಲ ಅನ್ನೋದು ನಿಜ, ಆದ್ರೆ ಹೊಡೆದಿದ್ದಕ್ಕೆ ಮಾಮೂಲಿ ಕಂಪ್ಲೇಂಟ್ ಕೊಡ್ಬೋದು. ತಲೆಗೆ ಏಟು ಬಿದ್ದು ಆಮೇಲೆ ವಾಂತಿ, ಮಂಪರು ಬಂದ್ರೆ 'ಗಂಡಸಿಗೇನಾಗತ್ತೆ' ಅಂತ ಮಲಗಿಸ್ಬೇಡಿ, ತಕ್ಷಣ ಕರ್ಕೊಂಡ್ಹೋಗಿ. ಗಾಯ ವಾಸಿಯಾದ್ಮೇಲೂ ತಿಂಗಳುಗಟ್ಲೆ ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಬೆಚ್ಚಿಬೀಳ್ತಾನೆ, ಕುಡಿತ ಜಾಸ್ತಿ ಆಗಿದೆ ಅಂದ್ರೆ ಅದೂ ಆ ಹೊಡೆತದ್ದೇ ಇರ್ಬೋದು, ಡಾಕ್ಟ್ರ ಹತ್ರ ಆ ವಿಷ್ಯ ಮುಚ್ಚಿಟ್ಟು ಬರೀ ನಿದ್ದೆ ಮಾತ್ರೆ ಕೇಳ್ಬೇಡಿ.