ಕಾಲು ಇಂಚಿಗೆ ಎರಡು ಮೀಟರ್

ಅಮ್ಮನ ರೂಮಿನ ಬಾಗಿಲು ಮಳೆಗೆ ಉಬ್ಬಿಕೊಂಡು ಒಂದು ತಿಂಗಳಾಯಿತು. ಅಮ್ಮ ಏಳುವುದು ಬೆಳಗ್ಗೆ ನಾಲ್ಕೂವರೆಗೆ. ಬಾಗಿಲು ಟೈಲ್ಸ್ ಮೇಲೆ ಕರ್ರ್ ಅಂತ ಉಜ್ಜಿಕೊಂಡು ತೆರೆಯುತ್ತದೆ. ಮನೆಗೆಲ್ಲ ಸುಪ್ರಭಾತ. ಅಡಿಯಲ್ಲಿ ಕಾಲು ಇಂಚು ಕೊಯ್ದರೆ ಮುಗಿಯಿತು. ಬಡಗಿಗೆ ಫೋನ್ ಮಾಡಿದರೆ, "ಒಂದು ಬಾಗಿಲಿಗೆ ಅಂತ ಬರೋಕಾಗಲ್ಲ ಸಾರ್. ಜತೇಲಿ ಒಂದು ವಾರ್ಡ್‌ರೋಬೋ ಏನೋ ಇಟ್ಕೊಳ್ಳಿ, ಬರ್ತೀನಿ" ಅಂದರು. ಕಾಲು ಇಂಚಿಗೆ ವಾರ್ಡ್‌ರೋಬು!

ಆ ಸಿಟ್ಟಿನಲ್ಲಿ ನಾನೇ ಗರಗಸ ಕೊಳ್ಳಲು ಹೊರಟೆ. ಕರೆಂಟಿನದು, ಚಕ್ರದ ಹಾಗೆ ಗರಗರ ತಿರುಗುವುದು, ಚಿಕ್ಕದು. ಇಂಗ್ಲಿಷಿನಲ್ಲಿ ಸರ್ಕ್ಯುಲರ್ ಸಾ. ಬ್ಯಾಟರಿಯದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ವರ್ಷಕ್ಕೆ ಎರಡು ಸಲ ಮುಟ್ಟುವವನ ಬ್ಯಾಟರಿ ಕಪಾಟಿನಲ್ಲೇ ಪ್ರಾಣ ಬಿಟ್ಟಿರುತ್ತದೆ. ವೈರ್ ಇದ್ದರೆ ಆ ಚಿಂತೆ ಇಲ್ಲ, ಚುಚ್ಚಿದರೆ ಆಯಿತು. ಹಾಗಂದುಕೊಂಡಿದ್ದೆ.

ಹತ್ತು ದಿನ ರಾತ್ರಿ ಕೂತು ಓದಿದೆ. ದೊಡ್ಡ ಬಡಗಿಗಳ ಗರಗಸಕ್ಕೆ 7 ಇಂಚಿನ ಬ್ಲೇಡು, ಸಾಮಾನ್ಯವಾಗಿ 1,000 ವಾಟಿಗಿಂತ ಮೇಲೆ. ಎರಡು ಇಂಚಿನ ಮರವನ್ನೂ ಒಂದೇ ಸಲಕ್ಕೆ ಸೀಳುತ್ತದೆ, ಜತೆಗೆ ನನ್ನ ಸೊಂಟವನ್ನೂ. ನಮ್ಮ ಬಾಗಿಲಿನ ದಪ್ಪ 30 ಮಿಲಿಮೀಟರ್. ನಾಲ್ಕೂವರೆ ಇಂಚಿನ ಬ್ಲೇಡೇ ಧಾರಾಳ. ಹಲ್ಲು ಕಮ್ಮಿ ಇದ್ದರೆ ಬೇಗ ಕೊಯ್ಯುತ್ತದೆ, ಅಂಚು ಒರಟು. ಹಲ್ಲು ಜಾಸ್ತಿ ಇದ್ದರೆ ನಿಧಾನ, ಅಂಚು ನುಣುಪು. ಹೆಂಡತಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಹಲ್ಲಿನ ಮಾತು ಬಂದದ್ದಕ್ಕೆ, ನಾನು ತಪ್ಪಿಸಿಕೊಂಡಿದ್ದ ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ನೆನಪಿಸಿದಳು.

ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಹಳೇ ಮೈಸೂರು ಕಡೆಯವರು.

"ಸರ್ಕ್ಯುಲರ್ ಸಾ ಇದೆಯಾ?"

"ಯಾವ ಸರ್ಕ್ಯುಲರ್ ಸಾ?"

"ಚಿಕ್ಕದು."

"ಅಂದ್ರೆ ಏನ್ ಸಾ ಅದು?"

"ಸಾ."

"ಹೇಳಿ ಸಾ."

ಕೊನೆಗೆ ಕೈಯಲ್ಲಿ ಗಾಳಿಗೆ ಮರ ಕೊಯ್ದು ತೋರಿಸಿದೆ. ಅವರ ಮುಖ ಅರಳಿತು. ಕೌಂಟರ್ ಮೇಲೆ ಮಾರ್ಬಲ್ ಕಟರ್ ತಂದಿಟ್ಟರು. "ಬ್ಲೇಡ್ ಚೇಂಜ್ ಮಾಡಿದ್ರೆ ಮರಾನೂ ಕೊಯ್ಯುತ್ತೆ. ಎಲ್ಲಾ ಕಾರ್ಪೆಂಟ್ರುಗಳೂ ಇದೇ ತಗೊಳ್ಳೋದು."

ಅದು ನಿಜವೇ. ಆದರೆ ಅದು ಕಲ್ಲಿಗಾಗಿ ಮಾಡಿದ ಮಿಷನ್. ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುತ್ತದೆ. ಮರದ ಗರಗಸದಲ್ಲಿ ಬ್ಲೇಡಿನ ಕೆಳಗೆ ತಾನಾಗಿ ಮುಚ್ಚಿಕೊಳ್ಳುವ ರೆಪ್ಪೆಯಂಥ ಗಾರ್ಡ್ ಇರುತ್ತದೆ. ಇದಕ್ಕೆ ಅದಿಲ್ಲ. "ಗಾರ್ಡ್ ಬೇಕು" ಅಂದೆ. "ಗಾರ್ಡ್ ಯಾತಕ್ಕೆ ಸಾ? ಹುಷಾರಾಗಿ ಕೊಯ್ಕೊಳ್ಳಿ" ಅಂದರು. ಬೇರೆ ತೋರಿಸಿ ಅಂದೆ. ಒಳಗೆ ಹೋಗಿ ಇನ್ನೊಂದು ಬಣ್ಣದ ಮಾರ್ಬಲ್ ಕಟರ್ ತಂದರು. ವಾಟ್ ಕಮ್ಮಿ ಇರಲಿ ಅಂದೆ. ಮೂರನೇ ಮಾರ್ಬಲ್ ಕಟರ್ ಬಂತು. ನಾನು ಮದುವೆ ಕಾರ್ಡು ಕೇಳಿದ್ದರೂ ಅದನ್ನೇ ತರುತ್ತಿದ್ದರೇನೋ. ಐದನೆಯ ಅಂಗಡಿಯಲ್ಲಿ, ಧೂಳು ಹಿಡಿದ ಡಬ್ಬಿಯೊಳಗೆ ನನ್ನದು ಸಿಕ್ಕಿತು. 600 ವಾಟ್.

ಭಾನುವಾರ ಬಾಗಿಲು ಬಿಚ್ಚಿ ಹಾಲಿನಲ್ಲಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದೆ. ಬ್ಲೇಡಿನ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮೈಯಲ್ಲಿ. ಹಾಗಾಗಿ ಚೆಂದದ ಮುಖ ಕೆಳಗೆ. ಗೆರೆಯ ಮೇಲೆ ಟೇಪು. ಬ್ಲೇಡು ಮರದಿಂದ ಸ್ವಲ್ಪವೇ ಹೊರಗೆ ಇಣುಕುವಷ್ಟು ಆಳ. ಕಣ್ಣಿಗೆ ಕನ್ನಡಕ. ಇಷ್ಟು ಶಾಸ್ತ್ರೋಕ್ತವಾಗಿ ನನ್ನ ಮದುವೆಯೂ ಆಗಿರಲಿಲ್ಲ. ಸ್ವಿಚ್ ಒತ್ತಿದೆ. ಬೆಣ್ಣೆ ಕೊಯ್ದ ಹಾಗೆ ಒಂದಡಿ ಹೋಯಿತು, ಆಮೇಲೆ ಗರಗಸ ಸುಮ್ಮನಾಯಿತು.

ಗೋಡೆಯಿಂದ ಪ್ಲಗ್ ಕಿತ್ತು ಬಂದಿತ್ತು.

ವೈರಿನ ಉದ್ದ ಎರಡು ಮೀಟರ್. ಹತ್ತು ರಾತ್ರಿ ಓದಿದವನು ವಾಟ್ ನೋಡಿದ್ದೆ, ಹಲ್ಲು ಎಣಿಸಿದ್ದೆ, ತೂಕ ನೋಡಿದ್ದೆ. ಬಾಲ ನೋಡಿರಲಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಇರುವುದು ಒಂದೇ. ಅದರಲ್ಲಿ ವೈಫೈ ಇದೆ. ಮಗಳು ರೂಮಿನಿಂದಲೇ ಕೂಗಿದಳು: "ಅಪ್ಪಾ, ಕಾಲ್‌ನಲ್ಲಿದೀನಿ. ಅದನ್ನ ಮುಟ್ಟಿದ್ರೆ ನೋಡು!"

ಗರಗಸ ಬಾಗಿಲ ಹತ್ತಿರ ಬರದಿದ್ದರೆ ಬಾಗಿಲೇ ಗರಗಸದ ಹತ್ತಿರ ಹೋಗಬೇಕು. ನಾನೂ ಹೆಂಡತಿಯೂ ಅದನ್ನು ಎತ್ತಿಕೊಂಡು ಮನೆಯಿಡೀ ಪ್ಲಗ್ ಹುಡುಕುತ್ತಾ ಮೆರವಣಿಗೆ ಹೊರಟೆವು. ಒಂದು ಪ್ಲಗ್ ಬೀರುವಿನ ಹಿಂದೆ, ಇನ್ನೊಂದು ದೇವರ ಪಟದ ಕೆಳಗೆ. ಬಾಗಿಲಿಲ್ಲದ ರೂಮಿನಲ್ಲಿ ಕೂತ ಅಮ್ಮ, ಉತ್ಸವ ನೋಡುವ ಹಾಗೆ ನೋಡುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಅಡುಗೆಮನೆ, ಮಿಕ್ಸಿಯ ಪ್ಲಗ್.

"ಚಟ್ನಿ ಆಗ್ಲಿ, ಆಮೇಲೆ ನಿಮ್ಮದು" ಅಂದಳು ಹೆಂಡತಿ. ಕಾದೆ. ಕಾಯುವಾಗ ಮಿಕ್ಸಿಯ ಹಿಂದಿನ ಚೀಟಿ ಕಣ್ಣಿಗೆ ಬಿತ್ತು. 750 ವಾಟ್. ಅವಳೂ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಬಾಗಿಲಿನ ಒಂದು ತುದಿ ಅಡುಗೆ ಕಟ್ಟೆಯ ಮೇಲೆ, ಇನ್ನೊಂದು ಕುರ್ಚಿಯ ಮೇಲೆ. ಉಳಿದದ್ದನ್ನು ಕೊಯ್ದೆ. ಎರಡು ಗೆರೆಗಳು ನಡುವೆ ಸರಿಯಾಗಿ ಭೇಟಿಯಾಗಲಿಲ್ಲ, ಒಂದು ಸಣ್ಣ ಮೆಟ್ಟಿಲು ಉಳಿಯಿತು. ಹೊಟ್ಟು ಮಾತ್ರ ಎಲ್ಲ ಕಡೆ ಸಮನಾಗಿ ಹರಡಿತ್ತು, ಮುಚ್ಚಳ ಹಾಕದ ಸಾರಿನ ಮೇಲೂ. ಆ ದಿನ ಊಟಕ್ಕೆ ಚಟ್ನಿಯೊಂದೇ.

ನಾನು ಪೊರಕೆ ತರುವಷ್ಟರಲ್ಲಿ ಅಮ್ಮ ಒಂದು ಕವರ್ ಹಿಡಿದು ಕೂತು, ಹೊಟ್ಟನ್ನು ಬೆರಳಲ್ಲಿ ಒಟ್ಟು ಮಾಡುತ್ತಿದ್ದಳು. ಊರಿನಲ್ಲಿ ನಮ್ಮ ಬಚ್ಚಲಲ್ಲಿ ಹೊಟ್ಟಿನ ಒಲೆ ಇತ್ತು. ಅಪ್ಪ ಸಾಮಿಲ್ಲಿನಿಂದ ಸೈಕಲ್ ಮೇಲೆ ಮೂಟೆ ತರುತ್ತಿದ್ದರು. ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ, ಅಮ್ಮ ಮುಷ್ಟಿಯಲ್ಲಿ ಗುದ್ದಿ ಗುದ್ದಿ ಗಟ್ಟಿ ಮಾಡುತ್ತಿದ್ದಳು. ಬಾಟಲಿಯನ್ನು ಮೆಲ್ಲಗೆ ಮೇಲೆಳೆಯುವ ಕೆಲಸ ನನ್ನದು. ಕುಸಿದರೆ ಬೈಗುಳ, ನಿಂತರೆ ಗಂಟೆಗಟ್ಟಲೆ ಬೆಂಕಿ. ಆ ಹಸಿ ಮರದ ವಾಸನೆ ಎಷ್ಟೋ ವರ್ಷದ ಮೇಲೆ ನಮ್ಮ ಅಡುಗೆಮನೆಗೆ ಬಂದಿತ್ತು.

"ಇದು ಒಂದು ಹಿಡಿನೂ ಇಲ್ಲಮ್ಮ. ಒಂದು ಚೊಂಬು ನೀರೂ ಕಾಯಲ್ಲ" ಅಂದೆ.

ಅಮ್ಮ ಕವರಿನ ಬಾಯಿಗೆ ಗಂಟು ಹಾಕಿದಳು. "ಮನೇಲಿ ಇನ್ನೂ ಎಷ್ಟು ಬಾಗಿಲಿದೆ?" ಅಂತ ಕೇಳಿದಳು.