ಜಿಗ್‌ಸಾ ಓಡ್ತಾ ಇದೆಯಂತೆ, ನನಗೆ ಇನ್ನೇನು ಬೇಕಂತೆ

ಬ್ಲೇಡ್ ಮೇಲೆ ಕೆಳಗೆ ಆಡಿಸಿ ಕೊಯ್ಯುವ ಕರೆಂಟ್ ಗರಗಸ, ಅದೇ ನನ್ನ ಜಿಗ್‌ಸಾ, ವೇಗ ಇಳಿಯಲ್ಲ ಅಂತ ರಿಪೇರಿ ಅಂಗಡಿಗೆ ತಗೊಂಡು ಹೋದರೆ ಕೌಂಟರ್‌ನಲ್ಲಿ ಕೇಳಿದ್ದು, ಯಜಮಾನ್ರು ಬಂದಿಲ್ವಾ ಅಂತೆ! ಮೆಷಿನ್ ನನ್ನದು, ಬಿಲ್ ನನ್ನ ಹೆಸರಲ್ಲಿದೆ, ದುಡ್ಡೂ ನನ್ನದೇ. ನಮ್ಮ ಯಜಮಾನರಿಗೆ ಅದಕ್ಕೆ ಬ್ಲೇಡ್ ಹಾಕೋಕೂ ಬರಲ್ಲ. ಇದನ್ನ ಅಲ್ಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದು ಮಾತ್ರ, 'ಇಲ್ಲ, ಕೆಲಸದಲ್ಲಿದ್ದಾರೆ.'

ವೇಗದ ಡಯಲ್ 1ಕ್ಕಿಟ್ಟರೂ ಅದೇ ವೇಗ, 6ಕ್ಕಿಟ್ಟರೂ ಅದೇ. ಸ್ವಿಚ್ ಒತ್ತಿದ ತಕ್ಷಣ ಬ್ಲೇಡ್ ನಿಮಿಷಕ್ಕೆ ಮೂರು ಸಾವಿರ ಸಲ ಮೇಲೆ ಕೆಳಗೆ. ಮರ ಆದರೆ ನಡೆಯುತ್ತೆ, ನಾನು ಕೊಯ್ಯುವುದು ಅಕ್ರಿಲಿಕ್, ಪ್ಲಾಸ್ಟಿಕ್ ಶೀಟ್. 100 ಡಿಗ್ರಿ ದಾಟುತ್ತಿದ್ದಂತೆ ಅದು ಮೆತ್ತಗಾಗುತ್ತೆ. ಬ್ಲೇಡ್ ಮುಂದೆ ಹೋದ ಹಾಗೆ ಹಿಂದೆ ಬೆಲ್ಲದ ಪಾಕದ ಹಾಗೆ ಎಳೆ ಬಂದು ಮತ್ತೆ ಅಂಟಿಕೊಳ್ಳುತ್ತದೆ. ಗೃಹಪ್ರವೇಶದ ನೇಮ್‌ಪ್ಲೇಟ್‌ಗೆ 'ಶ್ರೀ' ಕೊಯ್ದೆ, ಸುಳಿ ಪೂರ್ತಿ ಮುಚ್ಚಿಹೋಯಿತು. ಗೆರೆ ಕಾಣುತ್ತೆ, ತುಂಡು ಬಿಡಿಸಿಕೊಳ್ಳಲ್ಲ.

ಸರಿ, ಕೌಂಟರ್ ಹುಡುಗ ಪ್ಲಗ್ ಹಾಕಿದ. ಮೆಷಿನ್ ಮೇಲೆತ್ತಿ ಹಿಡಿದು ಸ್ವಿಚ್ ಒತ್ತಿದ, ಅಂಗಡಿಯೆಲ್ಲ ಗರ್ರ್ ಅಂತು. 'ಓಡ್ತಾ ಇದೆಯಲ್ಲ ಮೇಡಂ, ಇನ್ನೇನು ಬೇಕು?' ಡಯಲ್ ತಿರುಗಿಸಿ ನೋಡಪ್ಪ ಅಂದೆ. ತಿರುಗಿಸಿದ. ಏನೂ ಆಗಲಿಲ್ಲ. ನನಗೆ ಕೇಳಿಸಿತು, ಅವನಿಗೂ ಕೇಳಿಸಿತು. ಆದರೆ ಅವನು ನನ್ನನ್ನ ಕೇಳಲೇ ಇಲ್ಲ. ಪಕ್ಕದಲ್ಲಿ ಗೋಡೆ ಒಡೆಯೋ ಬ್ರೇಕರ್ ಮೆಷಿನ್ ಇಟ್ಕೊಂಡು ನಿಂತಿದ್ದವರ ಕಡೆ ತಿರುಗಿ, 'ಕಮ್ಮಿ ಆಯ್ತಲ್ವಾ ಅಣ್ಣಾ?' ಅಂದ. ಆ ಅಣ್ಣ ನನ್ನ ಮೆಷಿನ್ ಮುಖ ಅವತ್ತೇ ನೋಡಿದ್ದು! ಫೋನಿಂದ ತಲೆ ಎತ್ತಿ, 'ಹ್ಞೂ, ಆಯ್ತು ಆಯ್ತು' ಅಂದ್ರು. ಮುಗೀತು, ತೀರ್ಪು ಬಂತು. ಅದರ ಮೇಲೆ ಆ ಹುಡುಗ, 'ಅಷ್ಟು ಬೇಕಿದ್ರೆ ಒಂದು ಫ್ಯಾನ್ ರೆಗ್ಯುಲೇಟರ್ ಹಾಕ್ಕೊಳ್ಳಿ ಮೇಡಂ.' ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ ಅಂತ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ.

ಫ್ಯಾನ್ ರೆಗ್ಯುಲೇಟರ್! ಸೀಲಿಂಗ್ ಫ್ಯಾನ್ 75 ವಾಟ್, ಇದು 500ಕ್ಕೂ ಜಾಸ್ತಿ. ಈಗಿನ ಸ್ಟೆಪ್ ರೆಗ್ಯುಲೇಟರ್ ಒಳಗೆ ಇರೋದು ಕೆಪಾಸಿಟರ್. ಜಿಗ್‌ಸಾದಲ್ಲಿ ಕೆಲಸ ಮಾಡೋದು ಟ್ರಯಾಕ್, ಕರೆಂಟ್ ತಡೆದು ಬಿಡುವ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್. ನಮ್ಮ ಕರೆಂಟ್ ಸೆಕೆಂಡಿಗೆ 50 ಸೈಕಲ್, ಅಂದರೆ 100 ಅರ್ಧ ಅಲೆ. ಪ್ರತಿ ಅರ್ಧ ಅಲೆಯಲ್ಲೂ ಸ್ವಲ್ಪ ಹೊತ್ತು ತಡೆದು ಆಮೇಲೆ ಬಿಟ್ಟರೆ ಮೋಟಾರ್ ನಿಧಾನ ಆಗುತ್ತೆ. ಟ್ರಯಾಕ್ ಶಾರ್ಟ್ ಆದರೆ ತಡೆಯುವವರೇ ಇಲ್ಲ, ಯಾವಾಗಲೂ ಫುಲ್ ಸ್ಪೀಡ್. ಆ ಟ್ರಯಾಕ್ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 50 ರೂಪಾಯಿ ಒಳಗೆ ಸಿಗುತ್ತೆ. ಹಾಕೋಣ ಅಂದರೆ ಅದಿರುವ ಮಾಡ್ಯೂಲ್ ಮೇಲೆ ಕಪ್ಪು ಎಪಾಕ್ಸಿ ಅಂಟು ಸುರಿದು ಕಲ್ಲು ಮಾಡಿಟ್ಟಿದ್ದಾರೆ. ಬಿಚ್ಚೋ ಹಾಗಿಲ್ಲ. ಸ್ವಿಚ್ ಸಮೇತ ಪೂರ್ತಿ ಸೆಟ್ ತಗೊಳ್ಳಬೇಕಂತೆ, ಅದೂ ಡಿಪೋದಿಂದ ಬರಬೇಕಂತೆ, ಯಾವಾಗ ಅಂತ ಕೇಳಬಾರದಂತೆ.

ಆ ಹುಡುಗನದೇನು ತಪ್ಪು ಬಿಡಿ, ಸಂಬಳಕ್ಕೆ ದುಡಿಯೋನು. ಇಲ್ಲ, ಬಿಡಲ್ಲ! ಜಾಬ್ ಕಾರ್ಡ್‌ನಲ್ಲಿ 'ಮೆಷಿನ್ ಓಕೆ, ಕಸ್ಟಮರ್ ರಿಕ್ವೆಸ್ಟ್ ಮೇಲೆ ಬದಲಾವಣೆ' ಅಂತ ಬರೆದಿದ್ದಾನಲ್ಲ, ಅದು ಯಾರ ತಪ್ಪು? ನಾನು ಶೋಕಿಗೆ ಕೇಳಿದ್ನಾ?

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್, ಅಂದರೆ ರಿಪೇರಿಯ ಹಕ್ಕು ಅಂತ ಪೋರ್ಟಲ್ ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆ ಸಾಮಾನು, ವಾಹನ ಅಂತ ನಾಲ್ಕು ಭಾಗ. ನನ್ನ ಜಿಗ್‌ಸಾ ಇದರಲ್ಲಿ ಎಲ್ಲಿ ಕೂರುತ್ತೆ? ಅದರಲ್ಲಿ ನಾನು ಹೊಲ ಉಳಲ್ಲ, ಅದನ್ನ ಹತ್ತಿಕೊಂಡು ಆಫೀಸಿಗೂ ಹೋಗಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅಂತೀರಿ. ಏನಂತ ಹೇಳಲಿ? ಮೆಷಿನ್ ಓಕೆ ಅಂತ ಬರೆದುಕೊಟ್ಟಿದ್ದಾರೆ ಸಾರ್ ಅನ್ನಲಾ?

ಇಷ್ಟೆಲ್ಲ ಕೂಗಾಡಿ, ಆ ಸೆಟ್‌ಗೆ ಅಡ್ವಾನ್ಸ್ ಕೊಟ್ಟೇ ಬಂದಿದ್ದೇನೆ. ಇನ್ನೇನು ಮಾಡೋದು, ಆ ಗೃಹಪ್ರವೇಶದ ಮನೆಯವರು ಅಡಿಗೆಯವರು, ಪುರೋಹಿತರು ಎಲ್ಲರನ್ನೂ ಗೊತ್ತುಮಾಡಿ ಆಗಿದೆ, ನನ್ನ ನೇಮ್‌ಪ್ಲೇಟ್ ಒಂದು ಬಾಕಿ. ಹೊರಗಿಂದ ವೇಗ ಇಳಿಸೋಕೆ ದೊಡ್ಡ ಟ್ರಯಾಕ್ ಡಿಮ್ಮರ್ ಹಾಕಿ ಜಿಗ್‌ಸಾ ಓಡಿಸಿದವರು ಯಾರಾದರೂ ಇದ್ದೀರಾ? ಎಷ್ಟು ವಾಟ್‌ನದ್ದು ಹಾಕಿದಿರಿ, ಲೋಡ್ ಬಿದ್ದಾಗ ಎಳೆಯುತ್ತಾ? ವೇಗ ಇಳಿಸಿದರೆ ಒಳಗಿನ ಕೂಲಿಂಗ್ ಫ್ಯಾನೂ ನಿಧಾನವಾಗಿ ಮೋಟಾರ್ ಬಿಸಿಯಾಗುತ್ತೆ ಅಂತ ಗೊತ್ತು, ಅದನ್ನ ಹೇಳೋಕೆ ಬರಬೇಡಿ. ಓಡಿಸಿದವರು ಮಾತ್ರ ಹೇಳಿ.